ಅಡಿಕೆಯ ಕೊಳೆರೋಗ: ಕೊಟ್ಟೆಯಿಂದ ಬೋರ್ಡೋವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳನ್ನು ತಲೆಮಾರುಗಳಿಂದ ಕಾಡುತ್ತ ಬಂದದ್ದು ಕೊಳೆರೋಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆದಾಗ ಎಳೆಗಾಯಿಯ ತೊಟ್ಟಿನ ಬಳಿ ನೀರು ಹಿಡಿದಂಥ ಕಲೆ ಮೂಡುತ್ತದೆ. ಕಾಯಿ ಕೊಳೆತು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಬೆಳೆಯುತ್ತದೆ. ಆಗುಂಬೆಯಂತೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಘಟ್ಟದಂಚಿನಲ್ಲಿ ಇದರ ಹಾವಳಿ ತೀವ್ರ.

ಔಷಧವಿಲ್ಲದ ಕಾಲದಲ್ಲಿ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. ಮಳೆಗೆ ಮೊದಲು ಕೊನೆಗಾರರು ಮರ ಹತ್ತಿ, ಹಾಳೆಯ ಅಥವಾ ಕರಡದ ಹುಲ್ಲಿನ ಕೊಟ್ಟೆಯನ್ನು ಕೊನೆಗಳಿಗೆ ಹೊದಿಸುತ್ತಿದ್ದರು. ಕೊನೆ ನೆನೆಯದಿದ್ದರೆ ರೋಗ ತಾಗದು ಎಂಬ ಅನುಭವ ಸರಿಯಾಗಿತ್ತು. ಆದರೆ ಅದಕ್ಕೆ ಬೇಕಾದ ಆಳು ಮತ್ತು ಶ್ರಮ ಅಪಾರ.

1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ರೋಗಕಾರಕ ಫೈಟೋಫ್ತೊರಾವನ್ನು ವಿವರಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡಿದ್ದ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅವರು ಅಡಿಕೆಗೆ ಒಗ್ಗಿಸಿದರು. ಜಡಿಮಳೆಗೆ ತೊಳೆದುಹೋಗದಂತೆ ಅದಕ್ಕೆ ರಾಳ ಸೇರಿಸುವ ಕ್ರಮವೂ ಬಂತು. ಇಂದು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣವನ್ನು 100 ಲೀಟರ್ ನೀರಿಗೆ ಬೆರೆಸುವುದು ವಾಡಿಕೆ. ಮಳೆಗೆ ಮುನ್ನ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುತ್ತಾರೆ.

ಶಿಲೀಂಧ್ರದಂತೆ ಕಂಡರೂ ಫೈಟೋಫ್ತೊರಾ ನಿಜವಾದ ಶಿಲೀಂಧ್ರವಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಮಳೆನೀರಿನಲ್ಲಿ ಈಜುವ ಅದರ ಬೀಜಕಣಗಳು ತಾಯಿಕೋಶದ ಪಡಿಯಚ್ಚುಗಳು. ಎ1, ಎ2 ಎಂಬ ಎರಡು ಸಂಯೋಗ ವರ್ಗಗಳು ಕೂಡಿದಾಗ ಮಾತ್ರ ವಂಶವಾಹಿಗಳು ಬೆರೆತು, ದಪ್ಪ ಗೋಡೆಯ ಊಸ್ಪೋರ್ ಹುಟ್ಟುತ್ತದೆ. ಅದರ ಫಲ ಗುಣಗಳ ಹೊಸ ಜೋಡಣೆ.

ಈ ಜೋಡಣೆಯಿಂದ ಔಷಧವನ್ನು ತಾಳಿಕೊಳ್ಳುವ ತಳಿಗಳೂ ಮೂಡಬಹುದು. ಒಂದೇ ಗುರಿಗೆ ತಾಗುವ ಮೆಟಲಾಕ್ಸಿಲ್ ಎಂಬ ಔಷಧಕ್ಕೆ ಆಲೂಗಡ್ಡೆಯ ಫೈಟೋಫ್ತೊರಾ 1980ರ ಹೊತ್ತಿಗೇ ನಿರೋಧ ತೋರಿಸಿತು. ತಾಮ್ರವು ಕೋಶದ ಹಲವು ಕ್ರಿಯೆಗಳನ್ನು ಏಕಕಾಲಕ್ಕೆ ಕೆಡಿಸುವುದರಿಂದ ಅದಕ್ಕೆ ನಿರೋಧ ಬೆಳೆಯುವುದು ಕಷ್ಟ. ನೂರು ವರ್ಷ ಕಳೆದರೂ ಬೋರ್ಡೋ ಮಲೆನಾಡಿನಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಕೊಳೆತು ಬಿದ್ದ ಕಾಯಿಗಳನ್ನು ಆರಿಸಿ ನಾಶಮಾಡುವುದು, ತೋಟದ ಬಸಿಗಾಲುವೆ ತೆರವಾಗಿಡುವುದು ಸಿಂಪಡಣೆಯಷ್ಟೇ ಮುಖ್ಯ. ಇವಿಲ್ಲದೆ ರೋಗಮೂಲ ತೋಟದಲ್ಲೇ ಉಳಿಯುತ್ತದೆ.