ಬೆಂಕಿ ಇಟ್ಟವರು ನೆನಪಿದ್ದಾರೆ, ದುರಸ್ತಿ ಮಾಡಿದವರು?

ಪುಣೆಯ ಬಾಜೀರಾವ್ ರಸ್ತೆಯಲ್ಲಿ ಓಡಾಡುವ ಕನ್ನಡಿಗರೆಲ್ಲ ವಿಶ್ರಾಮಬಾಗ್ ವಾಡೆಯನ್ನು ನೋಡಿಯೇ ಇರುತ್ತೀರಿ. ಇಮ್ಮಡಿ ಬಾಜೀರಾಯ ಎರಡು ಲಕ್ಷ ರೂಪಾಯಿ ಸುರಿದು ಕಟ್ಟಿಸಿದ ಮನೆ ಅದು. (ಆಗಿನ ಎರಡು ಲಕ್ಷ ಸ್ವಾಮೀ!) 1818ರಲ್ಲಿ ಪೇಶ್ವೆಗಿರಿ ಮುಗಿಯಿತು, ಒಡೆಯ ಬಿಠೂರಿಗೆ ಹೋದ, ಮನೆ ಖಾಲಿಯಾಯಿತು. ಆದರೆ ಪಾಳು ಬೀಳಲಿಲ್ಲ. 1821ರಲ್ಲಿ ಅಲ್ಲೇ ಸಂಸ್ಕೃತ ಪಾಠಶಾಲೆ ಶುರುವಾಯಿತು. ಇಂದಿನ ಡೆಕ್ಕನ್ ಕಾಲೇಜಿನ ಮೂಲ ಅದೇ.

1879ರ ಮೇ ತಿಂಗಳಲ್ಲಿ ರಾನಡೆ ಸೋದರರು ಈ ವಾಡೆಗೂ ಬುಧವಾರ ವಾಡೆಗೂ ಬೆಂಕಿ ಇಟ್ಟರು. ಬುಧವಾರ ವಾಡೆ ಬೂದಿಯಾಯಿತು. ಅರ್ಧ ಸುಟ್ಟ ಇದನ್ನು ಮಾತ್ರ ರಿಪೇರಿ ಮಾಡಿ ಮತ್ತೆ ಬಳಕೆಗೆ ತಂದರು. ಮುಂದೆ ಪುರಸಭೆಯ ಕಚೇರಿ, ಅಂಚೆ ಕಚೇರಿ ಎಲ್ಲ ಇಲ್ಲೇ ನಡೆದವು. ಪುಣೆಯಲ್ಲಿ ಯಾರನ್ನು ಕೇಳಿದರೂ ಬೆಂಕಿಯ ಕಥೆ ಹೇಳುತ್ತಾರೆ. ಸುಟ್ಟ ತೊಲೆ ತೆಗೆದು ಹೊಸತು ಕೂರಿಸಿದ ಬಡಗಿಯ ಹೆಸರು ಹೇಳಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಡೆ ಮಣಿಪಾಲದ ವಿಜಯನಾಥ ಶೆಣೈ ಅವರ ಹೆಸರಾದರೂ ಉಳಿದಿದೆ. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದವರು, ನಮ್ಮದೇ ಕಸುಬು! ಕೆಡವಲು ಹೊರಟ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು, 2017ರಲ್ಲಿ ತೀರಿಕೊಂಡರು. ಒಂದೊಂದು ಕಂಬವನ್ನೂ ಜೋಡಿಸಿದ ಆಚಾರಿಗಳ ಹೆಸರು ಅಲ್ಲಿಗೆ ಹೋಗಿ ಬಂದವರ ಬಾಯಲ್ಲೂ ಬರುವುದಿಲ್ಲ ಬಿಡಿ. ಊರಿಗೆ ಹೋದಾಗ ಅವರ ಹಸ್ತಶಿಲ್ಪ ಗ್ರಾಮವನ್ನು ನೋಡಿ. ಇಲ್ಲಿಯ ವಾಯಿಯಿಂದ ಹೋದ ಪೇಶ್ವೆ ವಾಡೆಯೊಂದೂ ಅಲ್ಲಿದೆ.