‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ’: ನಕಲಿ ಎಚ್ಚರಿಕೆ ಬಂದರೆ ಏನು ಮಾಡಬೇಕು?

ಬ್ರೌಸರ್‌ನಲ್ಲಿ ಏನನ್ನೋ ಹುಡುಕುತ್ತಿರುವಾಗ ಇದ್ದಕ್ಕಿದ್ದಂತೆ ಸ್ಕ್ರೀನ್ ತುಂಬ ಕೆಂಪು ಬಣ್ಣದ ಎಚ್ಚರಿಕೆ ಮೂಡುತ್ತದೆ. ಜೊತೆಗೆ ಸೈರನ್ ಸದ್ದು. ‘ಕಂಪ್ಯೂಟರ್‌ನಲ್ಲಿ ಅಪಾಯಕಾರಿ ವೈರಸ್ ಪತ್ತೆಯಾಗಿದೆ, ಬ್ಯಾಂಕ್ ಮಾಹಿತಿ ಸೋರಿಕೆಯಾಗುತ್ತಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಂದೇಶ. ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗಂತೂ ಕೈಕಾಲೇ ಆಡುವುದಿಲ್ಲ.

ಇಂಥ ಎಚ್ಚರಿಕೆಗಳನ್ನು ‘ಸ್ಕೇರ್‌ವೇರ್’ ಎಂದು ಕರೆಯುತ್ತಾರೆ. ಹೆದರಿಸಿ ಹಣ ಕೀಳುವುದೇ ಇವುಗಳ ಕೆಲಸ. ಸಮಾಧಾನದ ವಿಷಯವೆಂದರೆ, ಬ್ರೌಸರ್‌ನಲ್ಲಿ ಎಚ್ಚರಿಕೆ ಕಾಣಿಸಿಕೊಂಡ ಮಾತ್ರಕ್ಕೆ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಎಂದರ್ಥವಲ್ಲ. ನಿಜವಾದ ನಷ್ಟ ಶುರುವಾಗುವುದು ಅದನ್ನು ನಂಬಿ ಕರೆ ಮಾಡಿದಾಗ, ಹಣ ಕಟ್ಟಿದಾಗ ಇಲ್ಲವೇ ಅದು ಹೇಳಿದ ಸಾಫ್ಟ್‌ವೇರ್ ಹಾಕಿಕೊಂಡಾಗ.

ಸುಳ್ಳು ಎಂದು ತಿಳಿಯುವುದು ಹೇಗೆ?

ಸಾಮಾನ್ಯವಾಗಿ ಒಂದು ವೆಬ್ ಪುಟಕ್ಕೆ ನಿಮ್ಮ ಹಾರ್ಡ್ ಡಿಸ್ಕ್ ಜಾಲಾಡುವ ಅವಕಾಶವನ್ನು ಬ್ರೌಸರ್ ಕೊಡುವುದಿಲ್ಲ. ಆದ್ದರಿಂದ ಪುಟ ತೆರೆದ ಎರಡೇ ಸೆಕೆಂಡಿನಲ್ಲಿ ‘ಸ್ಕ್ಯಾನ್’ ಮುಗಿದು ವೈರಸ್‌ಗಳ ಪಟ್ಟಿ ಬಂದರೆ, ಅದು ಮೊದಲೇ ಸಿದ್ಧಪಡಿಸಿಟ್ಟ ಚಿತ್ರವಷ್ಟೇ. ಮ್ಯಾಕ್ ಕಂಪ್ಯೂಟರ್‌ನಲ್ಲೂ ಮೊಬೈಲ್‌ನಲ್ಲೂ ವಿಂಡೋಸ್‌ನ ‘ಸಿ ಡ್ರೈವ್’ ಸ್ಕ್ಯಾನ್ ಆದಂತೆ ತೋರಿಸುವ ಪುಟಗಳಿವೆ. ಆ ಸಾಧನಗಳಲ್ಲಿ ಸಿ ಡ್ರೈವ್ ಇರುವುದೇ ಇಲ್ಲ!

ಇನ್ನೊಂದು ಸುಲಭ ಗುರುತು ಫೋನ್ ನಂಬರ್. ತನ್ನ ಎರರ್ ಸಂದೇಶಗಳಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸೈರನ್ ಸದ್ದು, ಸೆಕೆಂಡುಗಳ ಕೌಂಟ್‌ಡೌನ್, ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ಬೆದರಿಕೆ, ಸ್ಥಳದಲ್ಲೇ ಹಣ ಕಟ್ಟಿ ಎಂಬ ಒತ್ತಾಯ, ಇವೆಲ್ಲ ಮೋಸದ ಲಕ್ಷಣಗಳೇ.

ಇವು ಬರುವುದು ಎಲ್ಲಿಂದ?

ಪೈರಸಿ ಸಿನಿಮಾ ತಾಣಗಳು, ಕ್ರ್ಯಾಕ್ ಸಾಫ್ಟ್‌ವೇರ್ ಸಿಗುವ ಪುಟಗಳು ಮತ್ತು ತಪ್ಪಾಗಿ ಟೈಪ್ ಮಾಡಿದ ವೆಬ್ ವಿಳಾಸಗಳು ಇವುಗಳ ಮುಖ್ಯ ದಾರಿ. ಹಾಗೆಂದು ಒಳ್ಳೆಯ ತಾಣಗಳಲ್ಲಿ ಬರುವುದೇ ಇಲ್ಲ ಎನ್ನಲಾಗದು. 2009ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವೆಬ್‌ಸೈಟ್‌ನಲ್ಲೇ ಜಾಹೀರಾತಿನ ಮೂಲಕ ನಕಲಿ ಆ್ಯಂಟಿವೈರಸ್ ಎಚ್ಚರಿಕೆ ಓದುಗರನ್ನು ತಲುಪಿತ್ತು. ಆದ್ದರಿಂದ ಎಚ್ಚರಿಕೆ ಬಂತೆಂದರೆ ತಾವೇನೋ ತಪ್ಪು ಮಾಡಿದ್ದೇವೆ ಎಂದು ಯಾರೂ ನಾಚಿಕೊಳ್ಳಬೇಕಿಲ್ಲ. ಮನೆಯವರಿಗೆ ಗೊತ್ತಾದೀತೆಂದು ಮುಚ್ಚಿಟ್ಟಷ್ಟೂ ವಂಚಕರಿಗೇ ಲಾಭ.

ಸ್ಕ್ರೀನ್‌ನಿಂದ ತೆಗೆಯುವುದು ಹೇಗೆ?

1. ಎಚ್ಚರಿಕೆಯೊಳಗಿರುವ ‘ಓಕೆ’, ‘ಕ್ಯಾನ್ಸಲ್’, ‘ಸ್ಕ್ಯಾನ್ ನೌ’ ಯಾವುದನ್ನೂ ಒತ್ತಬೇಡಿ. ಅಲ್ಲಿ ಕಾಣುವ ‘ಎಕ್ಸ್’ ಗುರುತು ಕೂಡ ಚಿತ್ರದ ಭಾಗವೇ ಆಗಿರಬಹುದು.

2. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಫುಲ್ ಸ್ಕ್ರೀನ್ ಹೋಗಿ ಬ್ರೌಸರ್‌ನ ನಿಜವಾದ ಟ್ಯಾಬ್‌ಗಳು ಕಾಣುತ್ತವೆ. ಆಗ ಆ ಟ್ಯಾಬ್ ಮುಚ್ಚಿ.

3. ಆಗಲೂ ಹೋಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಗಳನ್ನು ಒಟ್ಟಿಗೆ ಒತ್ತಿ. ಇದನ್ನು ಯಾವ ವೆಬ್ ಪುಟವೂ ತಡೆಯಲಾರದು. ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರ್ ಆಯ್ಕೆ ಮಾಡಿ ‘ಎಂಡ್ ಟಾಸ್ಕ್’ ಕೊಡಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿ ‘ಫೋರ್ಸ್ ಕ್ವಿಟ್’ ಮಾಡಬಹುದು.

4. ಬ್ರೌಸರ್ ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಇಲ್ಲದಿದ್ದರೆ ಅದೇ ಪುಟ ಮರಳಿ ಬರುತ್ತದೆ.

ಪದೇ ಪದೇ ಮೂಲೆಯಲ್ಲಿ ಬರುತ್ತಿದ್ದರೆ?

ಬ್ರೌಸರ್ ಮುಚ್ಚಿದರೂ ಸ್ಕ್ರೀನ್‌ನ ಕೆಳಗಿನ ಮೂಲೆಯಲ್ಲಿ ವೈರಸ್ ಸಂದೇಶಗಳು ಇಣುಕುತ್ತಿದ್ದರೆ, ಹೆಚ್ಚಾಗಿ ಅದು ನೋಟಿಫಿಕೇಶನ್‌ನ ಕಿತಾಪತಿ. ‘ನೀವು ರೋಬಾಟ್ ಅಲ್ಲ ಎಂದು ಖಚಿತಪಡಿಸಲು ಅಲೋ ಒತ್ತಿ’ ಎಂದು ಯಾವುದೋ ತಾಣ ಕೇಳಿದಾಗ ಒತ್ತಿದ್ದರ ಫಲವಿದು. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ನೋಟಿಫಿಕೇಶನ್ಸ್’ ತೆರೆಯಿರಿ. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಬೇರೆ ಬ್ರೌಸರ್‌ಗಳಲ್ಲೂ ಇದೇ ಬಗೆಯ ಪಟ್ಟಿ ಇರುತ್ತದೆ.

ನಕಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿದ್ದರೆ?

ಮೊದಲು ಇಂಟರ್‌ನೆಟ್ ಸಂಪರ್ಕ ಕಡಿತಗೊಳಿಸಿ. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಇತ್ತೀಚೆಗೆ ಸೇರಿಕೊಂಡ ಅಪರಿಚಿತ ಪ್ರೋಗ್ರಾಂಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆ್ಯಂಟಿವೈರಸ್ ಉಚಿತವಾಗಿಯೇ ಇರುತ್ತದೆ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ಸ್ಕ್ಯಾನ್ ಆಯ್ಕೆಗಳಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಕೊಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ತಪಾಸಣೆ ನಡೆಯುತ್ತದೆ. ಅಡಗಿ ಕುಳಿತ ಪ್ರೋಗ್ರಾಂಗಳನ್ನು ಹಿಡಿಯಲು ಇದು ಅನುಕೂಲ. ಇದಕ್ಕೆ ಸುಮಾರು 15 ನಿಮಿಷ ಸಾಕು. ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ವೆಬ್‌ಸೈಟ್‌ನಲ್ಲೂ ವೈರಸ್ ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

ಕರೆ ಮಾಡಿಬಿಟ್ಟಿದ್ದರೆ?

ಆ ಕಡೆಯವರು ತುಂಬ ವಿನಯದಿಂದ ಮಾತಾಡುತ್ತಾರೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಸುತ್ತಾರೆ. ಇವು ಅಧಿಕೃತ ಆ್ಯಪ್‌ಗಳೇ, ಆದರೆ ಅಪರಿಚಿತರಿಗೆ ಕೋಡ್ ಕೊಟ್ಟರೆ ಕಂಪ್ಯೂಟರ್ ಅವರ ಕೈಗೆ ಕೊಟ್ಟಂತೆ. ನಂತರ ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆರೆದು ಅಲ್ಲಿರುವ ಕೆಂಪು, ಹಳದಿ ಗುರುತುಗಳನ್ನು ತೋರಿಸಿ ‘ನೋಡಿ, ಎಷ್ಟು ವೈರಸ್!’ ಎನ್ನುತ್ತಾರೆ. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಆ ಗುರುತುಗಳು ಇರುತ್ತವೆ. ಅವು ದಿನನಿತ್ಯದ ಸಣ್ಣಪುಟ್ಟ ದೋಷಗಳ ದಾಖಲೆ.

ಹೀಗೇನಾದರೂ ಆಗಿದ್ದರೆ ಕರೆ ಕತ್ತರಿಸಿ, ವೈಫೈ ಆಫ್ ಮಾಡಿ. ಕಾರ್ಡ್‌ನ ಹಿಂಭಾಗದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ತಕ್ಷಣ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ದೂರು ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಮುಂಬೈ, ಪುಣೆ, ಚೆನ್ನೈ, ದೆಹಲಿ, ಎಲ್ಲಿದ್ದರೂ ಸಂಖ್ಯೆ ಒಂದೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಬೇಗ ದೂರು ಕೊಡಲು ಇನ್ನೂ ಒಂದು ಕಾರಣವಿದೆ. ರಿಸರ್ವ್ ಬ್ಯಾಂಕ್‌ನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್‌ನಂಥ ವಿವರ ಕೊಟ್ಟು ಮೋಸಹೋದರೆ ಬ್ಯಾಂಕ್‌ಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಅದೇ ಕಂಪ್ಯೂಟರ್‌ನಲ್ಲಿ ಬದಲಿಸಿದರೆ ಹೊಸದೂ ಅವರ ಕಣ್ಣಿಗೆ ಬೀಳಬಹುದು.

ಇದರ ಹಿಂದೆ ದೊಡ್ಡ ದಂಧೆ

ಇದು ಯಾರೋ ಒಬ್ಬಿಬ್ಬರ ತುಂಟಾಟವಲ್ಲ. ವಿನ್‌ಫಿಕ್ಸರ್, ಎಕ್ಸ್‌ಪಿ ಆ್ಯಂಟಿವೈರಸ್ ಮುಂತಾದ ನಕಲಿ ಸಾಫ್ಟ್‌ವೇರ್ ಮಾರುತ್ತಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಸಂಸ್ಥೆಯ ವಿರುದ್ಧ 2008ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತು. 10 ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸಹೋಗಿದ್ದಾರೆ ಎಂಬುದು ಆರೋಪ. 2012ರಲ್ಲಿ ಈ ಪ್ರಕರಣದ ಪ್ರತಿವಾದಿಯೊಬ್ಬರು 16.3 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟಬೇಕೆಂದು ನ್ಯಾಯಾಲಯ ಆದೇಶಿಸಿತು.

ಭಾರತದಲ್ಲೂ ಇದರ ಬೇರುಗಳಿವೆ. ಟೆಕ್ ಸಪೋರ್ಟ್ ಹೆಸರಿನಲ್ಲಿ ವಂಚಿಸುವ ಕಾಲ್ ಸೆಂಟರ್‌ಗಳ ವಿರುದ್ಧ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ನೀಡಿದ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ, 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು.

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಹೇಳಿಕೊಡಿ

ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ, ಹೆತ್ತವರು ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ. ಅಂಥ ಮನೆಗಳಲ್ಲಿ ಕಂಪ್ಯೂಟರ್ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಟ್ಟರೆ ಒಳ್ಳೆಯದು. ಅದರಲ್ಲಿ ಮೂರೇ ಸಾಲು ಸಾಕು: ಸ್ಕ್ರೀನ್‌ನಲ್ಲಿ ಕಾಣುವ ನಂಬರ್‌ಗೆ ಕರೆ ಮಾಡಬಾರದು. ಏನೂ ತೋಚದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರ್ ಆಫ್ ಮಾಡಬೇಕು. ಆಮೇಲೆ ಮಗನಿಗೋ ಮಗಳಿಗೋ ಫೋನ್ ಮಾಡಬೇಕು. ಹೀಗೆ ಆಫ್ ಮಾಡಿದರೆ ಸೇವ್ ಮಾಡದ ಕೆಲಸ ಹೋಗಬಹುದು, ಆದರೆ ಬ್ಯಾಂಕಿನಲ್ಲಿರುವ ಹಣ ಉಳಿಯುತ್ತದೆ.