ಮುಲ್ಲಾಮಾರಿ ದಂಡೆಯ ಶಾಲೆಗಳು ಮತ್ತು ಮನೆಯಲ್ಲೇ ಉಳಿದ ಮಕ್ಕಳು

ಕಲಬುರಗಿ ಜಿಲ್ಲೆಯ ಪೂರ್ವದಂಚಿನಲ್ಲಿ, ತೆಲಂಗಾಣದ ಗಡಿಗೆ ತಾಗಿಕೊಂಡಿರುವ ಚಿಂಚೋಳಿ ತಾಲ್ಲೂಕು ತೊಗರಿಯ ಹೊಲಗಳಿಗೂ ಕಾಡಿನಂಚಿನ ತಾಂಡಾಗಳಿಗೂ ಹೆಸರಾದದ್ದು. ಮುಲ್ಲಾಮಾರಿ ನದಿಯ ದಂಡೆಯ ಚಿಮ್ಮನಚೋಡ ಈ ತಾಲ್ಲೂಕಿನ ಗ್ರಾಮ ಪಂಚಾಯಿತಿ ಕೇಂದ್ರಗಳಲ್ಲೊಂದು. ಇಂತಹ ಊರಿನಲ್ಲಿ ತಾನಾಗಿ ಕೂರಲಾರದ, ಮಾತು ಬಾರದ, ಉಣ್ಣಲೂ ಮತ್ತೊಬ್ಬರ ಕೈಯನ್ನೇ ನೆಚ್ಚಿದ ಮಗುವಿಗೆ ಶಾಲೆಯೊಂದೇ ಸಾಲದು; ವೈದ್ಯ, ಅಂಗನವಾಡಿ, ಪಂಚಾಯಿತಿ, ಮನೆ ಇವೆಲ್ಲ ಒಟ್ಟಿಗೆ ಬೇಕು. ಈ ಒಟ್ಟುಗೂಡುವಿಕೆಗೆ ಒಂದು ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಸರ್ಕಾರ ಇಲಾಖೆಗೊಂದರಂತೆ ಬಾಗಿಲುಗಳನ್ನು ತೆರೆಯುತ್ತಾ ಬಂದಿತು. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಮಗುವನ್ನು ದಾಟಿಸುವ ಕೆಲಸ ಮಾತ್ರ ಬಹುಪಾಲು ಹಳ್ಳಿಯ ಅತಿ ಕಡಿಮೆ ಸಂಬಳದವರ ಹೆಗಲಿಗೇ ಬಿದ್ದಿತು ಎಂಬುದು ಆ ಚರಿತ್ರೆಯನ್ನು ಓದಿದವರಿಗೆ ಸ್ಪಷ್ಟವಾಗುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಇಂತಹವರ ಲೆಕ್ಕವಿತ್ತು. 1881ರಿಂದ 1931ರವರೆಗಿನ ಜನಗಣತಿಗಳಲ್ಲಿ ಕುರುಡರು, ಕಿವುಡ-ಮೂಗರು, ಬುದ್ಧಿಭ್ರಮಣೆಯವರು, ಕುಷ್ಠರೋಗಿಗಳು ಎಂಬ ತಲೆಬರಹಗಳ ಅಡಿಯಲ್ಲಿ ಜನರನ್ನು ಎಣಿಸಲಾಗುತ್ತಿತ್ತು. ಆದರೆ ಆ ಎಣಿಕೆ ಗಣತಿಯ ವರದಿಗೆ ಸಂದ ಅಂಕಿಯೇ ಹೊರತು ಶಾಲೆಯ ದಾಖಲಾತಿಗೆ ಆಧಾರವಾದದ್ದಲ್ಲ. ಆಗ ಸಾಮಾನ್ಯ ಮಕ್ಕಳಿಗೇ ಶಾಲೆ ದುರ್ಲಭವಾಗಿತ್ತು. ಸರ್ಕಾರಿ ಶಿಕ್ಷಣದಲ್ಲಿ ಉರ್ದುವೇ ಪ್ರಧಾನವಾಗಿದ್ದ ಆ ಕಾಲದಲ್ಲಿ ಕಲಬುರಗಿ ನಗರದ ನೂತನ ವಿದ್ಯಾಲಯ (1907) ಸಮಾಜದವರೇ ಕಟ್ಟಿಕೊಂಡ ಬೆರಳೆಣಿಕೆಯ ಸಂಸ್ಥೆಗಳಲ್ಲೊಂದು. 1948ರ ಸೆಪ್ಟೆಂಬರ್ 17ರ ವಿಮೋಚನೆ ಹಾಗೂ 1956ರ ಏಕೀಕರಣದ ನಂತರವೂ ಈ ಭಾಗ ಹಿಂದೆಯೇ ಉಳಿಯಿತು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು.

ಕನ್ನಡನಾಡಿನಲ್ಲಿ ಅಂಗವಿಕಲ ಮಗುವಿನ ಕಲಿಕೆಯನ್ನು ಸಮಾಜ ಹೊತ್ತುಕೊಂಡ ಹಳೆಯ ಮಾದರಿ ಮಠದ್ದು. ಹಾನಗಲ್ಲಿನ ಕುಮಾರ ಸ್ವಾಮಿಗಳು ತಮ್ಮ ಆಶ್ರಯಕ್ಕೆ ತೆಗೆದುಕೊಂಡ ಅಂಧ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾಗಿ (1892–1944) ನಾಡಿನ ಸಂಗೀತಕ್ಕೆ ದೊಡ್ಡ ಹೆಸರಾದರು. ಅವರಿಂದ ಬೆಳೆದು ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಹೆಮ್ಮರವಾದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ವಿದ್ಯೆ ಭಕ್ತರ ಕಾಣಿಕೆಯಿಂದ ನಡೆದವು. ಸರ್ಕಾರದ ಕಡೆಯಿಂದ 1901ರಲ್ಲಿ ಮೈಸೂರಿನ ಅಂಧರ ಮತ್ತು ಕಿವುಡರ ಶಾಲೆ ಮೊದಲಾಗಿ, ಮುಂದೆ ಕಲಬುರಗಿಯಲ್ಲಿಯೂ ಅಂಧ ಮಕ್ಕಳಿಗೊಂದು, ಕಿವುಡ ಮಕ್ಕಳಿಗೊಂದು ವಸತಿ ಶಾಲೆ ಬಂದವು. ಇವೆಲ್ಲ ಗೌರವಕ್ಕೆ ಅರ್ಹವಾದ ಕೆಲಸಗಳು. ಆದರೂ ಇವುಗಳಲ್ಲಿ ಒಂದು ಸಮಾನ ಷರತ್ತಿತ್ತು: ಮಗು ಊರು ಬಿಡಬೇಕು, ಮತ್ತು ಅದಕ್ಕೆ ಒಂದೇ ಒಂದು ಕೊರತೆ ಇರಬೇಕು. ಕಣ್ಣಿನ ಜೊತೆಗೆ ಕಿವಿಯೂ, ಕಾಲಿನ ಜೊತೆಗೆ ಬುದ್ಧಿಯ ಬೆಳವಣಿಗೆಯೂ ಕುಂಠಿತವಾದ ಮಗುವಿಗೆ ಮಠದಲ್ಲಿಯೂ ವಸತಿ ಶಾಲೆಯಲ್ಲಿಯೂ ಜಾಗ ಸಿಗುವುದು ಕಷ್ಟವಿತ್ತು. ಅದು ಮನೆಯ ಮೂಲೆಯಲ್ಲಿ, ಅವ್ವ ಅಥವಾ ಆಯಿಯ ಕಣ್ಣಳತೆಯಲ್ಲಿ ಉಳಿಯಿತು.

1970ರ ದಶಕದಲ್ಲಿ ಎರಡು ಯೋಜನೆಗಳು ಒಂದರ ಹಿಂದೊಂದು ಬಂದವು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸುವ ಸಮನ್ವಯ ಶಿಕ್ಷಣದ ಯೋಜನೆಯನ್ನು ತಂದಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಅಂಗನವಾಡಿಗಳ ಜಾಲ, ದೇಶದ 33 ಕಡೆ ಪ್ರಯೋಗವಾಗಿ ಮೊದಲಾಯಿತು. ಮೊದಲನೆಯದು ಶಾಲೆಯ ಸಾಮಾನ್ಯ ರೀತಿಗೆ ಹೊಂದಿಕೊಳ್ಳಬಲ್ಲ ಮಗುವನ್ನು ಮಾತ್ರ ಗಮನದಲ್ಲಿಟ್ಟುಕೊಂಡಿತ್ತು. ಎರಡನೆಯದು ಅಂಗವಿಕಲತೆಗೆಂದು ಹುಟ್ಟಿದ್ದಲ್ಲ, ಆದರೆ ಕುತ್ತಿಗೆ ನಿಲ್ಲದ ಕೂಸನ್ನು ತಾಯಿಯ ನಂತರ ಮೊದಲು ಗುರುತಿಸುವ ಕಣ್ಣನ್ನು ಅದು ಹಳ್ಳಿಗೆ ಕೊಟ್ಟಿತು. ಈ ಕಾರಣಕ್ಕೆ ಇವೆರಡರಲ್ಲಿ ಅಂಗನವಾಡಿಯೇ ದೊಡ್ಡ ಘಟನೆ ಎನ್ನಬೇಕು. ಮಗುವಿದ್ದಲ್ಲಿಗೇ ಸೇವೆ ಹೋಗಬೇಕೆಂಬ ಸಮುದಾಯ ಆಧಾರಿತ ಪುನರ್ವಸತಿಯ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆ 1978ರ ಅಲ್ಮಾ-ಅತಾ ಘೋಷಣೆಯ ನಂತರ ಪ್ರಚಾರ ಮಾಡಿತು. ಕರ್ನಾಟಕದಲ್ಲಿ ಅದನ್ನು ಕೈಗೆತ್ತಿಕೊಂಡವುಗಳಲ್ಲಿ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳೇ ಮುಂದಿದ್ದುದರಿಂದ ಅದರ ಫಲ ಮೊದಲು ಕಂಡದ್ದು ದಕ್ಷಿಣದ ಜಿಲ್ಲೆಗಳಲ್ಲಿ.

ಕಾನೂನಿನ ಕಾಲ 1995ರಲ್ಲಿ ಆರಂಭವಾಯಿತು. ಆ ವರ್ಷದ ಅಂಗವಿಕಲರ ಅಧಿನಿಯಮ ಏಳು ಬಗೆಯ ಅಂಗವಿಕಲತೆಗಳನ್ನು ಒಪ್ಪಿತು. ಆಟಿಸಂ, ಬಹುವಿಧ ಅಂಗವಿಕಲತೆ ಮುಂತಾದವು 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದವರೆಗೆ ಕಾಯಬೇಕಾಯಿತು. 2016ರ ಹೊಸ ಅಧಿನಿಯಮದಲ್ಲಿ ಪಟ್ಟಿ 21ಕ್ಕೆ ಏರಿತು. ಶಾಲೆಯ ಕಡೆಯಿಂದ ನಿಜವಾದ ಬದಲಾವಣೆ ತಂದದ್ದು 2001ರ ಸರ್ವ ಶಿಕ್ಷಣ ಅಭಿಯಾನ. ಯಾವ ಮಗುವನ್ನೂ ತಿರಸ್ಕರಿಸಬಾರದೆಂಬ ನಿಯಮದ ಜೊತೆಗೆ ಅದು ಅಂಗವಿಕಲ ಮಗುವೊಂದಕ್ಕೆ ವರ್ಷಕ್ಕೆ ₹1,200 ಇಟ್ಟಿತು. ಆ ಮೊತ್ತ ಮುಂದೆ ₹3,000ಕ್ಕೂ, 2018ರ ಸಮಗ್ರ ಶಿಕ್ಷಣದಲ್ಲಿ ₹3,500ಕ್ಕೂ ಏರಿತು. ಹೋಬಳಿಯ ಶಾಲೆಗಳನ್ನು ಸುತ್ತುವ, ಬಿಐಇಆರ್‌ಟಿ ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ನೇಮಕಗೊಂಡರು. ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣ ಮೊದಲಾಯಿತು. ತೀವ್ರ ಹಾಗೂ ಬಹುವಿಧ ಅಂಗವಿಕಲತೆಯ ಮಗುವಿಗೆ ಇಂತಹ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ಶಿಕ್ಷಣ ಹಕ್ಕು ಅಧಿನಿಯಮಕ್ಕೆ (ಆರ್‌ಟಿಇ) 2012ರಲ್ಲಿ ಆದ ತಿದ್ದುಪಡಿ ಕೊಟ್ಟಿತು.

ಇದೇ ಅವಧಿಯಲ್ಲಿ ರಾಜ್ಯ ಸರ್ಕಾರ ಮಾಡಿದ ಇನ್ನೊಂದು ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ (ವಿಆರ್‌ಡಬ್ಲ್ಯು), ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಗೌರವಧನದ ಮೇಲೆ ನೇಮಿಸಿತು, ಮತ್ತು ಆ ಹುದ್ದೆಗಳಿಗೆ ಅಂಗವಿಕಲರನ್ನೇ ಆರಿಸಿತು. ಪ್ರಮಾಣಪತ್ರ, ಮಾಸಾಶನ, ಸಾಧನ-ಸಲಕರಣೆ, ಶಾಲಾ ದಾಖಲಾತಿ ಇವೆಲ್ಲಕ್ಕೂ ಮನೆಯವರು ಮೊದಲು ಕೇಳುವುದು ಇವರನ್ನೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬಂದು ಹದಿನೆಂಟು ವರ್ಷದೊಳಗಿನವರನ್ನು ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯೊಂದಿಗೆ ಸರಪಳಿ ಕಾಗದದ ಮೇಲೆ ಪೂರ್ತಿಯಾಯಿತು.

ಸರಪಳಿ ಎಲ್ಲಿ ಸಡಿಲ ಎಂಬುದನ್ನು ದೂರವೇ ಹೇಳುತ್ತದೆ. ಚಿಂಚೋಳಿಯಿಂದ ಕಲಬುರಗಿಗೆ ಸುಮಾರು ಎಂಬತ್ತು ಕಿಲೋಮೀಟರ್. ಫಿಸಿಯೋಥೆರಪಿಗೆ ಒಮ್ಮೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಮತ್ತು ಫಿಸಿಯೋಥೆರಪಿ ಒಮ್ಮೆ ಮಾಡಿಸಿ ಮುಗಿಸುವಂತಹದ್ದಲ್ಲ. ಹಳೆಯ ಶಿಬಿರ ಪದ್ಧತಿ ಪೋಲಿಯೋ ಕಾಲದ್ದು: ಕಾಲು ಸೋತ ಮಗುವಿಗೆ ಅಳತೆ ತೆಗೆದು ಕ್ಯಾಲಿಪರ್ ಕೊಟ್ಟರೆ ಅದು ಶಾಲೆಗೆ ನಡೆದು ಬರುತ್ತಿತ್ತು. 1995ರಿಂದ ನಡೆದ ಪಲ್ಸ್ ಪೋಲಿಯೋ ಲಸಿಕೆಯಿಂದಾಗಿ 2011ರ ನಂತರ ದೇಶದಲ್ಲಿ ಸಹಜ ಪೋಲಿಯೋ ವೈರಸ್ಸಿನ ಪ್ರಕರಣವೇ ಇಲ್ಲ. ಈಗ ಮನೆಯಲ್ಲಿ ಉಳಿದಿರುವವರಲ್ಲಿ ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಬೌದ್ಧಿಕ ಅಂಗವಿಕಲತೆ, ಫಿಟ್ಸ್ ಇವು ಒಟ್ಟಿಗೇ ಇರುವ ಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ದಿನದಿನದ ಆರೈಕೆ. ರೋಗದ ಸ್ವರೂಪ ಬದಲಾದಷ್ಟು ಬೇಗ ಶಿಬಿರದ ರೂಢಿ ಬದಲಾಗಲಿಲ್ಲ. ದುಡಿಮೆಗೆಂದು ಹೈದರಾಬಾದ್, ಮುಂಬೈಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮಗುವನ್ನು ಮುದುಕಿಯ ಬಳಿ ಬಿಟ್ಟರೆ ವ್ಯಾಯಾಮ ನಿಲ್ಲುತ್ತದೆ, ಕರೆದುಕೊಂಡು ಹೋದರೆ ಶಾಲೆಯ ಗುರುತು ತಪ್ಪುತ್ತದೆ. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ದಖ್ಖನಿ ಉರ್ದು ಕೇಳಿ ಬೆಳೆದ, ಮಾತೇ ಕಷ್ಟವಾದ ಮಗುವಿಗೆ ಕನ್ನಡದಲ್ಲಿ ಮಾತ್ರ ಕಲಿಸಬಲ್ಲ ಶಿಕ್ಷಕರು ಬಂದಾಗ ತಾಯಿಯೇ ನಡುವೆ ಕುಳಿತು ಅರ್ಥ ಮಾಡಿಸಬೇಕಾಗುತ್ತದೆ.

ಆರು ವರ್ಷ ತುಂಬಿದ ಮಗು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ದಾಟುತ್ತದೆ. ಆಗ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿದ್ದದ್ದು, ಅಂದರೆ ಮಗು ಯಾವುದಕ್ಕೆ ನಗುತ್ತದೆ, ಯಾವ ಬದಿಗೆ ಮಲಗಿಸಿದರೆ ನುಂಗಬಲ್ಲದು ಎಂಬುದು, ಆಕೆ ಮುಖ್ಯಗುರುಗಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಹದಿನೆಂಟು ತುಂಬಿದ ಮೇಲೆ ಚಿತ್ರ ಬೇರೆ. 1999ರ ಅಧಿನಿಯಮದ ಪ್ರಕಾರ ಜಿಲ್ಲಾಧಿಕಾರಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಇರುವ ಸ್ಥಳೀಯ ಮಟ್ಟದ ಸಮಿತಿ ಅಂತಹವರಿಗೆ ಪೋಷಕರನ್ನು ನೇಮಿಸುತ್ತದೆ. ಅಧಿಕಾರಿ, ಸಂಸ್ಥೆ ಮತ್ತು ಬಾಧಿತರು ಒಬ್ಬರ ಹೆಸರು ಹಿಡಿದು ಒಂದೇ ಮೇಜಿನ ಸುತ್ತ ಕುಳಿತು ತೀರ್ಮಾನಿಸುವ ಈ ಕ್ರಮವನ್ನು ಕಾನೂನು ವಯಸ್ಕರಿಗಾಗಿ ರೂಪಿಸಿತು. ಕಲಿಕೆಯ ಹನ್ನೆರಡು ವರ್ಷಗಳಿಗೆ ಅಂತಹ ಮೇಜನ್ನು ಹಳ್ಳಿಯ ಮಟ್ಟದಲ್ಲಿ ಹಾಕಬೇಕಾದದ್ದು ಇನ್ನೂ ಶಾಲಾಭಿವೃದ್ಧಿ ಸಮಿತಿ ಮತ್ತು ಗ್ರಾಮ ಪಂಚಾಯಿತಿಗಳ ಇಚ್ಛೆಗೇ ಬಿಟ್ಟ ಮಾತಾಗಿದೆ.